ಏಳು ಡಬ್ಬಿಗಳ ತೀರ್ಮಾನ

ವ್ಯಾಸರಾಜನಿಗೆ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಮನೆಯ ಯಾವ ವಿಷಯದಲ್ಲಾದರೂ ಅವನು ಸ್ವತಂತ್ರವಾಗಿ ಒಂದು ತೀರ್ಮಾನ ತೆಗೆದುಕೊಂಡ ದಾಖಲೆ ಎಲ್ಲೂ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ನೀರಿನಂಚಿಗೆ ಮನೆ ಕೊಂಡದ್ದು ಹೆಂಡತಿ ರಮಾಳ ತೀರ್ಮಾನ. ಕಾರು ಅವಳದು, ಕಾರಿನ ಬಣ್ಣ ಅವಳದು, ಅವನ ಮೀಸೆ ಹೋದದ್ದೂ ಅವಳ ತೀರ್ಮಾನದಿಂದಲೇ. ಮಗಳು ಶರಣ್ಯಾ ಯಾವ ಕಾಲೇಜಿಗೆ ಹೋಗಬೇಕೆಂಬುದೂ ಅವಳದೇ (ಅದು ತನ್ನ ತೀರ್ಮಾನವೆಂದು ಶರಣ್ಯಾ ಇಂದಿಗೂ ನಂಬಿದ್ದಾಳೆ, ಪಾಪ).

ಆಫೀಸಿನಲ್ಲಿ ಹಾಗಲ್ಲ. ಅವನು ಔಷಧ ತಯಾರಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದ ದೊಡ್ಡ ಅಧಿಕಾರಿ. ಅವನ ಸಹಿ ಬೀಳದೆ ಒಂದೇ ಒಂದು ಶೀಷೆ ಔಷಧ ಗೋಡೌನು ದಾಟುವಂತಿಲ್ಲ. ಮನೆಯಲ್ಲಿ ಅವನ ಸಹಿ ಬೇಕಾಗುತ್ತಿದ್ದದ್ದು ಪಾರ್ಸೆಲ್ ತರುವವನಿಗೆ ಮಾತ್ರ.

ಹೀಗಿರುವಾಗ ಎದುರು ಸಾಲಿನ ಮನೆಯೊಂದಕ್ಕೆ ಹಾಡಹಗಲೇ ಕಳ್ಳರು ನುಗ್ಗಿದರು. ಟಿವಿ ಮುಟ್ಟಲಿಲ್ಲ, ಲ್ಯಾಪ್‌ಟಾಪು ಮುಟ್ಟಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬಕ್ಕೆ ಕೈಹಾಕಿ, ಅದರೊಳಗಿದ್ದ ಬಂಗಾರದ ಗಂಟನ್ನು ಎತ್ತಿಕೊಂಡು ಹೋದರು. ನಮ್ಮವರು ಬಂಗಾರವನ್ನು ಎಲ್ಲಿಡುತ್ತಾರೆ ಎಂಬ ವಿದ್ಯೆ ಕ್ಯಾಲಿಫೋರ್ನಿಯಾದ ಕಳ್ಳರಿಗೂ ತಿಳಿದುಹೋಗಿತ್ತು. ಅಂದು ಸಂಜೆಯೇ ರಮಾ ತನ್ನ ಬಂಗಾರವನ್ನು ಅಕ್ಕಿ ಡಬ್ಬದಿಂದ ತೊಗರಿಬೇಳೆ ಡಬ್ಬಕ್ಕೆ ವರ್ಗಾಯಿಸಿದಳು. ಕೈ ಒರೆಸಿಕೊಳ್ಳುತ್ತ ಹಾಲಿಗೆ ಬಂದು, "ರೀ, ಒಂದು ಗನ್ನು ತಗೊಂಡ್ಬಿಡೋಣ" ಎಂದಳು. ಕೊತ್ತಂಬರಿ ಸೊಪ್ಪು ಮುಗಿದಿದೆ ಎನ್ನುವಾಗಲೂ ಅವಳ ದನಿ ಹಾಗೆಯೇ ಇರುತ್ತದೆ.

ಗನ್ನು ಕೊಳ್ಳುವ ಮೊದಲು ಸರ್ಕಾರದ ಒಂದು ಪರೀಕ್ಷೆ ಇದೆ. ವ್ಯಾಸರಾಜ ಹದಿನೈದು ದಿನ ಓದಿ ಮೂವತ್ತಕ್ಕೆ ಮೂವತ್ತು ತೆಗೆದ. "ಇಪ್ಪತ್ಮೂರು ಬಂದಿದ್ರೆ ಸಾಕಿತ್ತಲ್ಲ" ಎಂದಳು ರಮಾ. ಅಂಗಡಿಯಲ್ಲಿ ಅವನು ಕನ್ನಡಕ ಹಾಕಿಕೊಂಡು ಎಂಟು ಪಿಸ್ತೂಲುಗಳ ವಿವರಣಾ ಪತ್ರ ಓದುತ್ತಿರುವಷ್ಟರಲ್ಲಿ ರಮಾ ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದೇ ಇರ್ಲಿ, ನಿಮ್ಮ ಫ್ರೆಂಡ್ ಜಯರಾಮ್ ಮನೇಲೂ ಇದೇ ಇರೋದು. ಮಿಕ್ಕಿದ್ದು ಭಾರ" ಎಂದು ಮುಗಿಸಿದಳು. ಹತ್ತು ದಿನ ಬಿಟ್ಟು ಬಂದು ಒಯ್ಯಬೇಕೆಂದು ಕಾನೂನು. ಅಂಗಡಿಯವನು ಕಾಗದಪತ್ರ ಬರೆಯುತ್ತ, ಇದರ ಜೊತೆ ಎರಡು ಮ್ಯಾಗಜೀನು ಬರುತ್ತವೆ, ಹೆಚ್ಚಿಗೆ ಎಷ್ಟು ಬೇಕು ಎಂದು ಕೇಳಿದ.

ಮ್ಯಾಗಜೀನು ಎಂದರೆ ಗುಂಡುಗಳನ್ನು ಒಂದರ ಮೇಲೊಂದು ತುಂಬಿ ಪಿಸ್ತೂಲಿನ ಹಿಡಿಯೊಳಗೆ ತೂರಿಸುವ ಉದ್ದನೆಯ ಕಬ್ಬಿಣದ ಡಬ್ಬಿ. ಈ ರಾಜ್ಯದಲ್ಲಿ ಒಂದರಲ್ಲಿ ಹತ್ತೇ ಗುಂಡು ಹಿಡಿಯಬೇಕೆಂದು ನಿಯಮ. ರಮಾ ಆಗ ಗನ್ನಿಡುವ ಬೀಗದ ಪೆಟ್ಟಿಗೆ ನಮ್ಮ ಗೋಡೆಯ ಕಪಾಟಿಗೆ ಹಿಡಿಯುತ್ತದೋ ಇಲ್ಲವೋ ಎಂದು ಗೇಣಿನಲ್ಲಿ ಅಳೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಅದೊಂದನ್ನ ನೀವೇ ಡಿಸೈಡ್ ಮಾಡ್ರಿ."

ವ್ಯಾಸರಾಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಮದುವೆ ಮಂಟಪದಲ್ಲೂ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಇಂಥದೊಂದು ಅಧಿಕಾರವನ್ನು ಅಂಗಡಿಯ ಕಟ್ಟೆಗೆ ಒರಗಿ ನಿಂತು ದುಂದು ಮಾಡುವುದು ಅವನಿಗೆ ಸರಿಕಾಣಲಿಲ್ಲ. ಆಮೇಲೆ ತಿಳಿಸುತ್ತೇನೆ ಎಂದ. ಅಂಗಡಿಯವನು, ಸಾರ್, ಅದು ಒಂದು ಡಬ್ಬಿ ಅಷ್ಟೇ ಎಂದ. ಅವನಿಗೇನು ಗೊತ್ತು.

ಗನ್ನು ಮನೆಗೆ ಬಂದು ಎರಡು ವಾರವಾದ ಮೇಲೆ, ಒಂದು ಶನಿವಾರ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಕಾಫಿ ಕುಡಿದು, ವ್ಯಾಸರಾಜ ಕಂಪ್ಯೂಟರಿನ ಮುಂದೆ ಕುಳಿತು "ಹೆಚ್ಚುವರಿ ಮ್ಯಾಗಜೀನುಗಳ ಸಂಖ್ಯಾ ನಿರ್ಣಯ: ಕರಡು ಒಂದು" ಎಂದು ತಲೆಬರಹ ಬರೆದ. ಕೆಳಗೆ ಉದ್ದೇಶ, ವ್ಯಾಪ್ತಿ, ಹೊಣೆಗಾರಿಕೆ ಎಂಬ ಮೂರು ಮನೆಗಳನ್ನು ಎಳೆದ. ಹೊಣೆಗಾರಿಕೆಯ ಮನೆಯಲ್ಲಿ ತನ್ನ ಹೆಸರೊಂದನ್ನೇ ಬರೆದು ಸ್ವಲ್ಪ ಹೊತ್ತು ನೋಡಿದ.

ಮೊದಲ ಹೆಜ್ಜೆ, ತಜ್ಞರ ಅಭಿಪ್ರಾಯ. ಜಯರಾಮ್ ಇರುವುದು ಲಿವರ್‌ಮೋರಿನಲ್ಲಿ, ಮಂಡ್ಯದ ಕಡೆಯವನು, ಗನ್ನಿನ ವಿಷಯದಲ್ಲಿ ನಮ್ಮವರ ಪೈಕಿ ಅವನದೇ ಕೊನೆಯ ಮಾತು. ಫೋನಿನಲ್ಲಿ ಅವನು ಯೋಚಿಸಲೇ ಇಲ್ಲ.

"ಹತ್ತು ಮಡಿಕ್ಕೊಳ್ಳಿ ರಾಯರೇ."

"ಹತ್ತೇ ಯಾಕೆ?"

"ನೀವು ಕೇಳುದ್ರಲ್ಲ, ಅದುಕ್ಕೆ."

"ನಿಮ್ಮ ಹತ್ರ ಎಷ್ಟಿದೆ?"

"ನಂದ್ ಬುಡಿ. ಎರಡಿತ್ತು, ಮನೆ ಚೇಂಜ್ ಮಾಡ್ದಾಗ ಒಂದು ಎಲ್ಲೋ ಹೊಂಟೋಯ್ತು."

ತಜ್ಞರ ಅಭಿಪ್ರಾಯವನ್ನು ದಾಖಲಿಸಿ, ಎದುರಿಗೆ "ಆಧಾರವಿಲ್ಲ" ಎಂದು ಬರೆದು ವ್ಯಾಸರಾಜ ಲೆಕ್ಕಾಚಾರಕ್ಕೆ ಇಳಿದ. ಬಡಾವಣೆಯವರ ಗ್ರೂಪಿನಲ್ಲಿ ಬಂದ ಎರಡು ವರ್ಷದ ಕಳ್ಳತನದ ಸುದ್ದಿಗಳನ್ನೆಲ್ಲ ಓದಿ ತೆಗೆದ ಸರಾಸರಿಯ ಪ್ರಕಾರ ಒಂದು ಮನೆಗೆ 2.4 ಕಳ್ಳರು ಬರುತ್ತಾರೆ. ಇನ್ನು ಅವನ ಗುರಿ. ಗುಂಡು ಹೊಡೆಯುವ ಅಭ್ಯಾಸಕ್ಕೆ ಹೋಗುವ ಜಾಗಕ್ಕೆ ರೇಂಜ್ ಎನ್ನುತ್ತಾರೆ. ಅಲ್ಲಿ ಅವನು ಹತ್ತು ಗುಂಡು ಹೊಡೆದರೆ ಎರಡು ಅವನ ಗುರಿಯ ಕಾಗದಕ್ಕೆ ಬೀಳುತ್ತಿದ್ದವು. (ಮೂರನೆಯದೊಂದು ಪಕ್ಕದವನ ಕಾಗದದ ನಟ್ಟನಡುವೆ ಬಿದ್ದು, ಆ ಪಕ್ಕದವನು ಅದರ ಫೋಟೋ ತೆಗೆದುಕೊಂಡ.) ಹಾಗಾಗಿ 2.4 ಕಳ್ಳರಿಗೆ ಹನ್ನೆರಡು ಗುಂಡು ಬೇಕು. ಆದರೆ ಕಾಗದ ನಿಂತಲ್ಲೇ ನಿಂತಿರುತ್ತದೆ, ಕಳ್ಳ ಓಡುತ್ತಾನೆ. ಇಮ್ಮಡಿ ಮಾಡಿದರೆ ಇಪ್ಪತ್ತನಾಲ್ಕು. ಕೈ ನಡುಗುವುದರ ಬಾಬ್ತು ಹದಿಮೂರು. ಒಟ್ಟು ಮೂವತ್ತೇಳು ಗುಂಡು, ಅಂದರೆ 3.7 ಮ್ಯಾಗಜೀನು. ಪಿಸ್ತೂಲಿನ ಜೊತೆಗೆ ಬಂದ ಎರಡನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಳಕೆಯಲ್ಲಿರುವುದನ್ನು ಮೀಸಲು ಎಂದು ತೋರಿಸುವವನು ಗುಣಮಟ್ಟ ವಿಭಾಗದಲ್ಲಿ ಇರಲು ಲಾಯಕ್ಕಲ್ಲ.

ರಜಕ್ಕೆ ಬಂದಿದ್ದ ಶರಣ್ಯಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಪ್ಪಾ, ಯು ಆರ್ ಅಸ್ಯೂಮಿಂಗ್, ನೀನು ರೀಲೋಡ್ ಮಾಡೋವರ್ಗೂ ದೇ ವಿಲ್ ಜಸ್ಟ್ ವೇಟ್?"

ಒಳ್ಳೆಯ ಅಂಶ. ವ್ಯಾಸರಾಜ ಅದನ್ನು "ಊಹೆಗಳು" ಎಂಬ ಮನೆಯಲ್ಲಿ ಬರೆದುಕೊಂಡ: ಕಳ್ಳರು ಕಾಯುತ್ತಾರೆ.

3.7 ಅನ್ನು ನಾಲ್ಕೆಂದು ಪೂರ್ಣಗೊಳಿಸಿ, ಊಟದ ಹೊತ್ತಿಗೆ ರಮಾಳಿಗೆ ತಿಳಿಸಿದ. ಅವಳು ಸಾರು ಬಡಿಸುತ್ತಿದ್ದಳು.

"ನಾಲ್ಕೋ ನಲವತ್ತೋ, ನಂಗೇನು. ಡಿಸಿಷನ್ ನಿಮ್ಮದು ಅಂದ್ಮೇಲೆ ನಿಮ್ಮದು. ಆದ್ರೆ ಒಂದು ಕೇಳ್ತೀನಿ."

ಈ "ಒಂದು ಕೇಳ್ತೀನಿ" ಆ ಮನೆಯಲ್ಲಿ ಎಂದೂ ಒಂದಕ್ಕೆ ನಿಂತದ್ದಿಲ್ಲ. ವ್ಯಾಸರಾಜ ತುತ್ತು ನುಂಗಿಕೊಂಡ.

"ರೇಂಜಿಗೆ ತಗೊಂಡು ಹೋಗೋದೂ ಮನೇಲಿ ಇಡೋದೂ ಎರಡೂ ಒಂದೇನಾ? ಊರವರೆಲ್ಲ ಬೂಟುಗಾಲಲ್ಲಿ ಓಡಾಡೋ ನೆಲ. ಅಲ್ಲಿ ಬೀಳ್ಸಿ, ಎತ್ಕೊಂಡು ಬಂದು, ಅದನ್ನೇ ದೇವರ ಮನೆ ಗೋಡೆ ಹಿಂದಿನ ಕಪಾಟಲ್ಲಿ ಇಡ್ತೀರಲ್ಲ, ಹೇಗೆ?"

ರಮಾಳ ಅಡುಗೆಮನೆಯಲ್ಲಿ ಈರುಳ್ಳಿ ಬೇಯುವ ಪಾತ್ರೆ ಬೇರೆ, ನೈವೇದ್ಯದ ಪಾತ್ರೆ ಬೇರೆ. ಗುರುತಿಗೆ ಈರುಳ್ಳಿಯವಕ್ಕೆ ಉಗುರುಬಣ್ಣದ ಕೆಂಪು ಚುಕ್ಕಿ. ಅತ್ತೆಯ ಕಾಲದಿಂದ ಬಂದ ಕಟ್ಟುನಿಟ್ಟು, ಸಮುದ್ರ ದಾಟಿದರೂ ಸಡಿಲವಾಗಿಲ್ಲ. ಆದರೆ ಇದು ಅವನ ಸೀಮೆ. ವ್ಯಾಸರಾಜ ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಮುಂದೆ ಗಟ್ಟಿಯಾಗಿ ನಕ್ಕ.

"ಇದು ಪಾತ್ರೆ ಅಲ್ಲ ಕಣೇ, ಆಯುಧ. ಇದಕ್ಕೆಲ್ಲ ಮಡಿ ಮೈಲಿಗೆ ಇರಲ್ಲ. ಬೇಕಿದ್ರೆ ಜಯರಾಮ್‌ನ ಕೇಳು, ಸ್ಪೀಕರಿಗೆ ಹಾಕ್ತೀನಿ."

ಹಾಕಿದ. ಸ್ಪೀಕರಿನಿಂದ ಜಯರಾಮನ ದನಿ ಊಟದ ಮೇಜಿನ ತುಂಬ ಹರಡಿತು.

"ಅಯ್ಯಯ್ಯೋ, ಬೆರಸ್ಬ್ಯಾಡಿ ರಾಯರೇ! ರೇಂಜಿಂದೇ ಬ್ಯಾರೆ, ಮನೇದೇ ಬ್ಯಾರೆ. ಅಲ್ಲಿ ಕೆಳೀಕ್ ಬಿದ್ದು ಧೂಳು ಸೇರ್ಕೊಂಡಿರ್ತದೆ, ಬೇಕಾದ್ ಟೈಮಲ್ಲಿ ಕೈಕೊಡ್ತದೆ. ಗೊತ್ತಾಗ್ಲಿ ಅಂತ ಎಲ್ಲಾರೂ ಒಂದು ಬಣ್ಣುದ್ ಚುಕ್ಕಿ ಇಟ್ಕಂಡಿರ್ತಾರೆ."

ರಮಾ ಎದ್ದಳು. ಒಳಗೆ ಹೋಗಿ ಉಗುರುಬಣ್ಣದ ಶೀಷೆ ತಂದು ಸಾರಿನ ಪಾತ್ರೆಯ ಪಕ್ಕದಲ್ಲಿಟ್ಟಳು. ಇದ್ದ ಎರಡರಲ್ಲಿ ಒಂದಕ್ಕೆ ಅಂದೇ ಕೆಂಪು ಚುಕ್ಕಿ ಬಿತ್ತು, ಅದರ ವಾಸಸ್ಥಾನ ಗ್ಯಾರೇಜಿಗೆ ಬದಲಾಯಿತು. ಅಮೆರಿಕದ ಗನ್ನುಗಾರರೆಲ್ಲ ತನ್ನ ತೀರಿಕೊಂಡ ತಾಯಿಯ ಪಕ್ಷಕ್ಕೆ ಸೇರಿಬಿಟ್ಟರಲ್ಲ ಎಂದು ವ್ಯಾಸರಾಜನಿಗೆ ಪಿಚ್ಚೆನಿಸಿತು. ರೇಂಜಿನ ಬಾಬ್ತು ಹೆಚ್ಚುವರಿ ಎರಡು. ನಾಲ್ಕು ಹೋಗಿ ಆರಾಯಿತು, ಕರಡು ಎರಡು.

ಆರಕ್ಕೆ ನಿಲ್ಲಬಹುದಾಗಿತ್ತು. ಆದರೆ ಮುಂದಿನ ತಿಂಗಳು ಒಂದು ಗುರುವಾರ ಜಯರಾಮ್ ಈ ಕಡೆ ಬಂದವನು, ತನ್ನದೊಂದು ಕಳೆದುಹೋಗಿದೆ, ಈ ವಾರ ಅಭ್ಯಾಸಕ್ಕೆ ಒಂದು ಕೊಟ್ಟಿರಿ ಎಂದು ಕೇಳಿದ. ವ್ಯಾಸರಾಜ ಆಫೀಸಿನಲ್ಲಿದ್ದ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲವೆನ್ನುವುದು ರಮಾಳ ಜಾತಕದಲ್ಲೇ ಇಲ್ಲ. ಮೊಸರಿನ ಹೆಪ್ಪು, ಕುಕ್ಕರಿನ ರಬ್ಬರು, ಪಂಚಾಂಗ, ಏನು ಕೇಳಿದರೂ ಕೊಟ್ಟವಳು. ಗ್ಯಾರೇಜಿನಿಂದ ಕೆಂಪು ಚುಕ್ಕಿಯದನ್ನು ತಂದು, ಒರೆಸಿ ಕೊಟ್ಟಳು.

ಭಾನುವಾರ ಅದನ್ನು ವಾಪಸು ತಂದವಳು ಜಯರಾಮನ ಹೆಂಡತಿ ದೀಪಾಲಿ. ಕಾಗದದ ಕರ್ಚೀಫಿನಲ್ಲಿ ಸುತ್ತಿ ಎರಡು ಕೈಯಲ್ಲಿ ಕೊಟ್ಟಳು. ಹೆಂಗಸರು ಒಂದು ಗಂಟೆ ಮಾತಾಡಿದರು, ಕುಂಕುಮವಾಯಿತು, ದೀಪಾಲಿ ಹೋದಳು. ರಮಾ ಸುತ್ತಿದ್ದ ಹಾಗೆಯೇ ಅದನ್ನು ಗ್ಯಾರೇಜಿನ ಹಲಗೆಯ ಮೇಲಿಟ್ಟಳು.

ಅದರ ಮುಂದಿನ ಶನಿವಾರ ರೇಂಜಿನಲ್ಲಿ ವ್ಯಾಸರಾಜ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮ್ಯಾಗಜೀನಿಗೆ ಗುಂಡು ತುಂಬಲು ನೋಡಿದರೆ ಮೊದಲನೆಯದೇ ಒಳಗೆ ಹೋಗಲಿಲ್ಲ. ಒತ್ತಿದ. ಒಳಗೆ ಕರಕ್ ಎಂದಿತು. ಬೆಳಕಿಗೆ ಹಿಡಿದು ಇಣುಕಿದ. ಒಳಗೆ ಕಲ್ಲುಸಕ್ಕರೆ. ಹತ್ತು ಹರಳು, ಅಚ್ಚುಕಟ್ಟಾಗಿ ಒಂದರ ಮೇಲೊಂದು, ಗುಂಡಿದ್ದ ಹಾಗೆಯೇ. ಸಂದಿಯಲ್ಲಿ ಒಂದೆರಡು ಏಲಕ್ಕಿ. ಗ್ಯಾರೇಜಿನಿಂದ ಅವನ ಜೊತೆಗೇ ಪಯಣಿಸಿ ಬಂದಿದ್ದ ಇರುವೆಗಳು ಈಗ ಒಂದೊಂದಾಗಿ ಹೊರಗೆ ಇಳಿದು ಅವನ ಬೆರಳು ದಾಟತೊಡಗಿದವು.

ರೇಂಜಿನ ಮೇಲ್ವಿಚಾರಕಿ ಎತ್ತರದ ಹೆಂಗಸು. ಬಂದು ಅದನ್ನು ಕೈಗೆ ತೆಗೆದುಕೊಂಡು, ಮೂಸಿ, ಅವನ ಮುಖ ನೋಡಿ, ಇದೇನು ಎಂದು ಕೇಳಿದಳು. ಸಕ್ಕರೆ, ನಮ್ಮಲ್ಲಿ ಪದ್ಧತಿ ಎಂದ ವ್ಯಾಸರಾಜ. ನಿಜವನ್ನೇ ಹೇಳಿದ್ದರೂ ಅದು ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಅವಳು ಗೋಡೆಗೆ ತೂಗುಹಾಕಿದ್ದ ನಿಯಮಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಮದ್ಯ ಕುಡಿದು ಬರಬಾರದೆಂದಿತ್ತು, ಬೆಂಕಿ ಹತ್ತುವ ಗುಂಡು ತರಬಾರದೆಂದಿತ್ತು, ಸಕ್ಕರೆಯ ಮಾತೇ ಇರಲಿಲ್ಲ. ಕೊನೆಗೆ ಅವನನ್ನು ಆ ದಿನದ ಮಟ್ಟಿಗೆ ಮನೆಗೆ ಕಳಿಸಿ, ಪಟ್ಟಿಯ ಕೊನೆಯಲ್ಲಿ ಕೈಬರಹದಲ್ಲಿ ಒಂದು ಹೊಸ ಸಾಲು ಸೇರಿಸಿದಳು. ಅದು ಈಗಲೂ ಅಲ್ಲಿದೆ.

ಮನೆಗೆ ಬಂದವನ ಮುಖ ಕೆಂಪಾಗಿತ್ತು.

"ಗನ್ನಿನೊಳಗೆ ಕಲ್ಲುಸಕ್ಕರೆ ತುಂಬೋರು ಪ್ರಪಂಚದಲ್ಲಿ ಯಾರಾದ್ರೂ ಇದಾರೇನೇ?"

"ಮತ್ತೆ ಖಾಲಿ ಡಬ್ಬಿ ವಾಪಸ್ ಕೊಡ್ಬೇಕಿತ್ತಾ? ಅವಳಿಗೆ ಅಷ್ಟು ತಿಳಿಯಲ್ವಾ?"

"ಅದು ಡಬ್ಬಿ ಅಲ್ಲ ಕಣೇ!"

"ಹತ್ತು ಹಿಡಿಯತ್ತೆ, ತಳ ಇದೆ, ಬಾಯಿ ಇದೆ. ಡಬ್ಬಿ ಅಲ್ದೆ ಇನ್ನೇನು ಅದು, ಜರಡೀನಾ?"

"ನೀನಾದ್ರೂ ಬಿಚ್ಚಿ ನೋಡ್ಬಾರ್ದಿತ್ತಾ?"

"ಕೊಟ್ಟೋರ ಮುಂದೇನೇ ಬಿಚ್ಚಿ ನೋಡೋದು ನಮ್ಮನೇಲಿ ಯಾರೂ ಮಾಡಿಲ್ಲ." ಆಮೇಲೆ ಸ್ವಲ್ಪ ಮೆತ್ತಗಾಗಿ, "ನೋಡ್ರಿ, ನಾನು ಮಧ್ಯೆ ಬಾಯಿ ಹಾಕಲ್ಲ. ಆದ್ರೆ ನಾಳೆ ಮತ್ತೆ ಕೇಳ್ತಾರೆ, ಇಲ್ಲ ಅನ್ನೋಕಾಗತ್ತಾ? ಕೇಳಿದವ್ರಿಗೆ ಕೊಡೋಕೇ ಅಂತ ಒಂದು ಬೇರೆ ಇಟ್ಟುಬಿಡಿ" ಎಂದಳು.

ಆ ಮ್ಯಾಗಜೀನನ್ನು ಬಿಚ್ಚಿ ಸ್ಪ್ರಿಂಗಿನ ಪಾಕ ತೆಗೆಯಲು ವ್ಯಾಸರಾಜನಿಗೆ ಎರಡು ಭಾನುವಾರ ಹಿಡಿಯಿತು. ಪಾಕ ತೆಗೆಯುತ್ತ ಯೋಚಿಸಿದ. ಎರವಲಿನ ಬಾಬ್ತು ಒಂದು, ಒಟ್ಟು ಏಳು. ಇದರಲ್ಲಿ ತನ್ನವು ನಾಲ್ಕು, ರಮಾ ಸೇರಿಸಿದ್ದು ಮೂರು. ನಾಲ್ಕು ಮೂರಕ್ಕಿಂತ ಹೆಚ್ಚು. ಆದ್ದರಿಂದ ಬಹುಮತ ತನ್ನದು, ತೀರ್ಮಾನವೂ ತನ್ನದು. ಈ ತರ್ಕವನ್ನು ಅವನು ಮೂರು ಸಲ ಪರೀಕ್ಷಿಸಿದ, ಎಲ್ಲೂ ಸೋರಲಿಲ್ಲ.

ಅಂಗಡಿಗೆ ಹೋಗಿ ಏಳು ಹೊಸ ಮ್ಯಾಗಜೀನು ಕೊಂಡ. ಬಿಡಿಯಾಗಿ ಮಾರಿದ ಮ್ಯಾಗಜೀನನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವನು ಹೇಳಿದಾಗ, ಹಿಂದಕ್ಕೆ ಕೊಡುವ ಪ್ರಶ್ನೆಯೇ ಇಲ್ಲ ಎಂದ. ಅಷ್ಟು ಖಚಿತವಾದ ದನಿಯಲ್ಲಿ ಅವನು ಮಾತಾಡಿದ್ದನ್ನು ಅಂಗಡಿಯವನಿರಲಿ, ಅವನೇ ಕೇಳಿರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ವ್ಯಾಸರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಾಲಿನ ಟಿವಿಯ ಪಕ್ಕದಲ್ಲಿ ನಿಂತ. ಟಿವಿಯಲ್ಲಿ ಅವನ ಹದಿನಾಲ್ಕು ಸ್ಲೈಡುಗಳು ಸಿದ್ಧವಾಗಿದ್ದವು. ಟೀಪಾಯಿಯ ಮೇಲೆ ಶಲ್ಯ ಹೊದಿಸಿದ ಒಂದು ಪೆಟ್ಟಿಗೆ. ಸೋಫಾದಲ್ಲಿ ರಮಾ ಅವರೆಕಾಳು ಹಿಸುಕುತ್ತ ಕುಳಿತಿದ್ದಳು. ಪಕ್ಕದಲ್ಲಿ ಶನಿವಾರ ಬಂದಿದ್ದ ಶರಣ್ಯಾ. ಅವನು ಒಂದೊಂದೇ ಸ್ಲೈಡು ಬಿಡಿಸಿ ಹೇಳಿದ: ಕಾಪಾಡಬೇಕಾದ ವಸ್ತು, ತೊಗರಿಬೇಳೆ ಡಬ್ಬದಲ್ಲಿರುವ ಬಂಗಾರ. ಬರುವ ಕಳ್ಳರು, 2.4. ಕೈನಡುಕ. ಮಡಿ. ಎರವಲು. ಹದಿನಾಲ್ಕನೆಯ ಸ್ಲೈಡಿನಲ್ಲಿ ಬೇರೇನೂ ಇರಲಿಲ್ಲ, ದೊಡ್ಡದಾಗಿ 7 ಎಂದಿತ್ತು. ಆಗಲೇ ಶಲ್ಯ ಸರಿಸಿದ. ಏಳೂ ಸಾಲಾಗಿ ಮಿರಮಿರನೆ ಹೊಳೆದವು.

"ಪ್ರಶ್ನೆಗಳಿದ್ದರೆ ಕೇಳಬಹುದು" ಎಂದ.

ಶರಣ್ಯಾ ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. "ಅಮ್ಮಾ, ಯು ಸ್ಟಿಲ್ ಡಿಡ್ ನಾಟ್ ಟೆಲ್ ಹಿಮ್?"

"ಏನನ್ನ?" ಎಂದ ವ್ಯಾಸರಾಜ.

ರಮಾ ಕಾಳಿನ ಬಟ್ಟಲು ಕೆಳಗಿಟ್ಟಳು. "ಬಂಗಾರ ಮನೇಲಿಲ್ಲ ರೀ. ಬ್ಯಾಂಕಲ್ಲಿ ಲಾಕರ್ ಸಿಕ್ತು, ಇಟ್ಟುಬಂದೆ."

"ಯಾವತ್ತು?"

"ಗನ್ನು ಬಂತಲ್ಲ, ಅದರ ಮುಂದಿನ ವಾರ."

"ಅಂದ್ರೆ ನಾಲ್ಕು ತಿಂಗಳಿಂದ ಆ ಡಬ್ಬದಲ್ಲಿ..."

"ಬೇಳೆ ಇದೆ."

ಟಿವಿಯ ಮೇಲೆ 7 ಹಾಗೆಯೇ ಇತ್ತು. ವ್ಯಾಸರಾಜ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕುಳಿತ. ಅವನಿಗೆ ಸಿಟ್ಟು ಬರಬೇಕಾಗಿತ್ತು, ಆದರೆ ಬಂದದ್ದು ದುಃಖ. "ಹಾಗಾದ್ರೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಣ ಅಂತಾನೇ ಬಂದೆ, ಎರಡು ಮೂರು ಸಲ" ಎಂದಳು ರಮಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಬಂದು ನೋಡಿದ್ರೆ ನೀವು ಕಂಪ್ಯೂಟರ್ ಮುಂದೆ ಸಿಳ್ಳೆ ಹಾಕ್ತಾ ಕೂತಿರ್ತಿದ್ರಿ. ನಿಮಗೆ ಸಿಳ್ಳೆ ಬರತ್ತೆ ಅಂತಾನೇ ನಂಗೆ ಇಪ್ಪತ್ನಾಲ್ಕು ವರ್ಷ ಗೊತ್ತಿರ್ಲಿಲ್ಲ. ಅಷ್ಟು ಖುಷಿಯಾಗಿದ್ರಿ. ಅದನ್ನ ಹೇಗೆ ಕೆಡಿಸ್ಲಿ?"

ವ್ಯಾಸರಾಜನಿಗೆ ಅವಮಾನವೂ ಆಯಿತು, ಎದೆ ಬೆಚ್ಚಗೂ ಆಯಿತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ತೋರಿಸಬೇಕೆಂದು ತೋಚದೆ ಸರಿಸಿದ್ದ ಶಲ್ಯವನ್ನು ಮಡಿಸತೊಡಗಿದ.

"ಬಂಗಾರಾನೇ ಇಲ್ಲದ ಮನೇಲಿ ಗನ್ನು ಯಾಕೆ ಅಂತ ಅಂಗಡಿಯವನ ಹತ್ರ ಮಾತಾಡಿದೀನಿ" ಎಂದು ರಮಾ ಮತ್ತೆ ಕಾಳಿಗೆ ಕೈಹಾಕಿದಳು. "ಶುಕ್ರವಾರ ನಾಲ್ಕು ಗಂಟೆಗೆ ಬನ್ನಿ ಅಂದ. ಗನ್ನು, ಅದರ ಜೊತೆ ಬಂದಿದ್ದ ಎರಡು ಡಬ್ಬಿ, ಅಷ್ಟು ತಗೋತಾನಂತೆ. ನಾನು ಸೈನ್ ಮಾಡೋ ಹಾಗಿಲ್ವಂತೆ, ನಿಮ್ಮ ಹೆಸರಲ್ಲಿದೆ. ನೀವು ಬಂದು ಒಂದು ಸೈನ್ ಹಾಕಿ."

"ಈ ಏಳು?"

"ಅದು ಬೇಡ್ವಂತೆ."

ವ್ಯಾಸರಾಜ ಸಾಲಾಗಿ ನಿಂತಿದ್ದ ಏಳನ್ನೂ ನೋಡಿದ. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದ: "ಮತ್ತೆ ನನ್ನ ಡಿಸಿಷನ್ನು?"

"ಅದಕ್ಕೇನಾಯ್ತು?" ರಮಾಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅದೊಂದನ್ನ ನಿಮಗೆ ಬಿಟ್ಟಿದ್ದೀನಿ ಅಂದ್ಮೇಲೆ ಬಿಟ್ಟಿದ್ದೀನಿ. ಏಳು ಅಂದ್ರಲ್ಲ, ಏಳೇ. ನಾನು ಒಂದು ತೆಗೆಯಲ್ಲ, ಒಂದು ಸೇರಿಸಲ್ಲ. ಇಟ್ಕೊಳ್ಳಿ."

ಶುಕ್ರವಾರ ನಾಲ್ಕು ಗಂಟೆಗೆ ವ್ಯಾಸರಾಜ ಹೋಗಿ ಸಹಿ ಹಾಕಿ ಬಂದ. ಶನಿವಾರ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಕಾಫಿ ಕುಡಿದು, ದಸ್ತಾವೇಜನ್ನು ತೆರೆದು, ಕರಡು ಎಂಬ ಪದವನ್ನು ಹೊಡೆದುಹಾಕಿದ. ಅದರ ಕೊನೆಯ ಪುಟದಲ್ಲಿ ಈಗ ಎರಡೇ ಸಾಲುಗಳಿವೆ. ಪಿಸ್ತೂಲು: ಇಲ್ಲ. ಹೆಚ್ಚುವರಿ ಮ್ಯಾಗಜೀನು: ಏಳು, ಅಂತಿಮ.